ಧೂಳಿನ ಪರೀಕ್ಷೆ ಗಣಿಗಾರನಿಗಿಂತ ಮೊದಲೇ ನಡೆಯಬೇಕು

ಸಂಜೆಯಾಗುತ್ತಲೇ ಜಯನಗರದಲ್ಲಿಯೋ ಬನಶಂಕರಿಯಲ್ಲಿಯೋ ಓದುವ ಮೇಜಿನ ದೀಪವನ್ನು ಹೊತ್ತಿಸುವ ವಿದ್ಯಾರ್ಥಿಗೆ ಕಲ್ಲಿದ್ದಲಿನ ಗಣಿಯ ನೆನಪು ಬರುವುದು ಅಪೂರ್ವ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ 1905ರಲ್ಲಿ ಬೆಂಗಳೂರನ್ನೂ ತಲಪಿದಂದಿನಿಂದ, ನಮ್ಮ ನಾಡಿನ ಬೆಳಕೆಂದರೆ ನೀರಿನಿಂದ ಬರುವ ಬೆಳಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲನೆಯ ಘಟಕವು ಕೆಲಸವನ್ನಾರಂಭಿಸಿದ ಮೇಲೆ ಈ ಮಾತು ಪೂರ್ತಿ ನಿಜವಾಗಿ ಉಳಿದಿಲ್ಲ. ತೆಲಂಗಾಣದ ಸಿಂಗರೇಣಿಯಂಥ ದೂರದ ಗಣಿಗಳಿಂದ ರೈಲಿನಲ್ಲಿ ಬರುವ ಕಲ್ಲಿದ್ದಲು ಅಲ್ಲಿ ಉರಿಯುತ್ತದೆ. ಅದರಿಂದ ಹುಟ್ಟಿದ ವಿದ್ಯುತ್ತು ನಮ್ಮ ತಂತಿಗಳಲ್ಲಿಯೂ ಹರಿಯುತ್ತದೆ. ಆದಕಾರಣ ಕಲ್ಲಿದ್ದಲಿನ ಗಣಿಯೊಳಗೆ ಇಳಿಯುವ ಕೆಲಸಗಾರನ ಕ್ಷೇಮವು ಬೆಂಗಳೂರಿಗೆ ಸಂಬಂಧಪಡದ ವಿಷಯವೆಂದು ಹೇಳುವ ಹಕ್ಕು ನಮಗಿಲ್ಲ.

ಗಣಿಯಲ್ಲಿ ಅಪಾಯಗಳು ಹಲವು. ಮೇಲ್ಛಾವಣಿ ಕುಸಿಯಬಹುದು, ನೀರು ನುಗ್ಗಬಹುದು, ವಿಷಾನಿಲ ತುಂಬಬಹುದು. ಇವುಗಳ ಭಯವನ್ನು ಸಾಮಾನ್ಯರೂ ಊಹಿಸಬಲ್ಲರು. ಆದರೆ ಗೋಡೆಯ ಮೇಲೆಯೂ ನೆಲದ ಮೇಲೆಯೂ ಸದ್ದಿಲ್ಲದೆ ಮಲಗಿರುವ ಧೂಳು ಮದ್ದಿನ ಪುಡಿಯಂತೆ ಸಿಡಿದು, ಕ್ಷಣಮಾತ್ರದಲ್ಲಿ ನೂರಾರು ಜನರನ್ನು ಆಹುತಿ ತೆಗೆದುಕೊಳ್ಳುವುದೆಂದರೆ ನಂಬುವುದು ಕಷ್ಟ. ಆ ಧೂಳಿನ ಪರೀಕ್ಷೆಯ ವಿಷಯವಾಗಿಯೇ ನಾವು ಈ ಲೇಖನದಲ್ಲಿ ಎರಡು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಧೂಳು ಸಿಡಿಯುವುದೇಕೆ? ಒಂದು ಸೆಂಟಿಮೀಟರು ಉದ್ದಗಲದ ಕಲ್ಲಿದ್ದಲಿನ ಘನವೊಂದನ್ನು ಕಲ್ಪಿಸಿಕೊಳ್ಳಿ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರು. ಅದನ್ನೇ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಚಿಕ್ಕ ಘನಗಳಾಗಿ ಕತ್ತರಿಸಿದರೆ ಹತ್ತು ಲಕ್ಷ ತುಣುಕುಗಳಾಗುವುವು. ಅವುಗಳ ಒಟ್ಟು ಮೇಲ್ಮೈ 600 ಚದರ ಸೆಂಟಿಮೀಟರಾಗುವುದು. ಇದ್ದಲು ಅಷ್ಟೇ, ಆದರೆ ಗಾಳಿಯ ಆಮ್ಲಜನಕವು ಅದನ್ನು ಮುಟ್ಟುವ ಜಾಗ ನೂರು ಪಟ್ಟು. ಒಲೆಯಲ್ಲಿ ಗಂಟೆಗಟ್ಟಲೆ ಕೆಂಡವಾಗಿ ಉರಿಯುವ ಗಡ್ಡೆಯು ಪುಡಿಯಾಗಿ ಗಾಳಿಯಲ್ಲಿ ತೇಲಿದಾಗ ಕಣ್ಣೆವೆ ಮುಚ್ಚುವುದರೊಳಗಾಗಿ ಉರಿದು ಮುಗಿಯುವುದು ಇದರಿಂದಲೇ. ವಿದ್ಯುತ್ ಕೇಂದ್ರಗಳಲ್ಲಿ ಈ ಗುಣವನ್ನು ಬೇಕೆಂದೇ ಬಳಸಿಕೊಳ್ಳುತ್ತಾರೆ. ಅಲ್ಲಿ ಕಲ್ಲಿದ್ದಲನ್ನು ಗಿರಣಿಗಳಲ್ಲಿ ನುಣ್ಣಗೆ ಬೀಸಿ, ಅದರ ಬಹುಪಾಲು 75 ಮೈಕ್ರಾನಿಗಿಂತ ಸಣ್ಣದಾಗುವಂತೆ ಮಾಡಿ, ಗಾಳಿಯೊಡನೆ ಕುಲುಮೆಯೊಳಕ್ಕೆ ಊದುತ್ತಾರೆ. ಕುಲುಮೆಯಲ್ಲಿ ನಮಗೆ ಸೇವಕನಾಗಿರುವ ಧೂಳೇ ಗಣಿಯಲ್ಲಿ ಯಮದೂತನಾಗುತ್ತದೆ. ಎರಡು ಕಡೆಯೂ ರಸಾಯನಕ್ರಿಯೆ ಒಂದೇ. ಒಂದು ಕಡೆ ಅದು ನಮ್ಮ ಅಂಕೆಯಲ್ಲಿದೆ, ಇನ್ನೊಂದು ಕಡೆ ಇಲ್ಲ.

ಗಣಿಯಲ್ಲಿ ಅನಾಹುತವು ಬಹುಮಟ್ಟಿಗೆ ಹೀಗೆ ಮೊದಲಾಗುತ್ತದೆ. ಕಲ್ಲಿದ್ದಲಿನಿಂದ ಹೊರಬರುವ ಮೀಥೇನ್ ಅನಿಲವು ಗಾಳಿಯಲ್ಲಿ ನೂರಕ್ಕೆ 5ರಿಂದ 15ರವರೆಗಿನ ಪ್ರಮಾಣದಲ್ಲಿ ಬೆರೆತಿರುವಾಗ ಎಲ್ಲಿಯೋ ಒಂದು ಕಿಡಿ ತಗಲಿ ಸಣ್ಣದೊಂದು ಸ್ಫೋಟವಾಗುತ್ತದೆ. ಅದರ ಗಾಳಿಯ ಹೊಡೆತವು ಜ್ವಾಲೆಗಿಂತ ಮುಂದೆ ಓಡಿ, ಸುರಂಗದಲ್ಲಿ ಮಲಗಿದ್ದ ಧೂಳನ್ನು ಎಬ್ಬಿಸುತ್ತದೆ. ಹಿಂದಿನಿಂದ ಬಂದ ಜ್ವಾಲೆ ಆ ಮೋಡಕ್ಕೆ ತಗಲುತ್ತದೆ. ಈ ಎರಡನೆಯ ಸ್ಫೋಟದ ಹೊಡೆತ ಮತ್ತಷ್ಟು ಧೂಳನ್ನು ಎಬ್ಬಿಸುತ್ತದೆ. ಹೀಗೆ ಬೆಂಕಿ ತನ್ನ ಆಹಾರವನ್ನು ತಾನೇ ಬಡಿಸಿಕೊಳ್ಳುತ್ತ ಸುರಂಗದುದ್ದಕ್ಕೂ ಓಡುತ್ತದೆ.

ಇದಕ್ಕೆ ಎಷ್ಟು ಧೂಳು ಬೇಕು? ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು. ಒಂದು ಘನಮೀಟರು ಗಾಳಿಯಲ್ಲಿ 100 ಗ್ರಾಮಿನಷ್ಟು ನುಣುಪಾದ ಧೂಳು ತೇಲುತ್ತಿದ್ದರೆ ಅನೇಕ ಬಗೆಯ ಕಲ್ಲಿದ್ದಲುಗಳಲ್ಲಿ ಜ್ವಾಲೆ ಹರಡಲು ಸಾಕು. 4 ಮೀಟರು ಅಗಲ, 2.5 ಮೀಟರು ಎತ್ತರದ ಸುರಂಗದಲ್ಲಿ ಒಂದು ಮೀಟರು ಉದ್ದಕ್ಕೆ 10 ಘನಮೀಟರು ಗಾಳಿ ಇರುವುದು. ಎಂದರೆ ಬೇಕಾದ ಧೂಳು ಒಂದು ಕಿಲೋಗ್ರಾಮು. ಅದೇ ಒಂದು ಮೀಟರಿನಲ್ಲಿ ನೆಲ, ಛಾವಣಿ, ಎರಡು ಗೋಡೆ ಇವುಗಳ ವಿಸ್ತೀರ್ಣ 13 ಚದರ ಮೀಟರು. ಸಡಿಲವಾಗಿ ಕುಳಿತ ಧೂಳು ಘನಸೆಂಟಿಮೀಟರಿಗೆ ಅರ್ಧ ಗ್ರಾಮು ತೂಗುವುದೆಂದು ಇಟ್ಟುಕೊಂಡರೆ, ಆ ಒಂದು ಕಿಲೋಗ್ರಾಮು ಇಷ್ಟು ಜಾಗದಲ್ಲಿ ಸಮನಾಗಿ ಹರಡಿದಾಗ ಅದರ ದಪ್ಪ ಸುಮಾರು 0.15 ಮಿಲಿಮೀಟರು ಮಾತ್ರ. ದಪ್ಪ ಕಾಗದದ ಒಂದು ಹಾಳೆಯಷ್ಟು! ನಮ್ಮ ಮನೆಯ ಕಪಾಟಿನ ಮೇಲೆ ಅಷ್ಟು ಧೂಳಿದ್ದರೆ ನಾವು ಅದನ್ನು ಗಮನಿಸುವುದೂ ಇಲ್ಲ.

ಹೀಗಿರುವಾಗ ಯಾವ ಗಣಿಯ ಧೂಳು ಎಷ್ಟು ಅಪಾಯಕಾರಿ ಎಂಬುದನ್ನು ಕಣ್ಣಿನಿಂದ ತಿಳಿಯುವುದು ಸಾಧ್ಯವಿಲ್ಲ, ಪ್ರಯೋಗಶಾಲೆಯೇ ಹೇಳಬೇಕು. ಈಗ ರೂಢಿಯಲ್ಲಿರುವ ಕ್ರಮದಲ್ಲಿ 20 ಲೀಟರು ಹಿಡಿಯುವ, ಗಟ್ಟಿಯಾದ ಲೋಹದ ಗೋಳವೊಂದರಲ್ಲಿ ತೂಕಮಾಡಿದ ಧೂಳನ್ನು ಒತ್ತಿದ ಗಾಳಿಯಿಂದ ಊದಿ ಮೋಡವೆಬ್ಬಿಸುತ್ತಾರೆ. ಸೆಕೆಂಡಿನ ಸಾವಿರದಲ್ಲಿ 60 ಪಾಲು ಕಳೆದ ಮೇಲೆ ಅದರ ನಡುವೆ ರಾಸಾಯನಿಕ ಕಿಡಿಮದ್ದನ್ನು ಹೊತ್ತಿಸುತ್ತಾರೆ. ಒಳಗಿನ ಒತ್ತಡ ಎಷ್ಟು ಏರಿತು, ಎಷ್ಟು ಬೇಗ ಏರಿತು ಎಂಬುದನ್ನು ಯಂತ್ರವು ಬರೆದಿಡುತ್ತದೆ. ಧೂಳಿನ ಪ್ರಮಾಣವನ್ನು ಬದಲಿಸುತ್ತ, ಅದಕ್ಕೆ ಉರಿಯದ ಕಲ್ಲಿನ ಪುಡಿಯನ್ನು ಬೆರೆಸುತ್ತ ಇದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡುತ್ತಾರೆ. ಎಷ್ಟು ಕಲ್ಲಿನ ಪುಡಿ ಬೆರೆತಾಗ ಸ್ಫೋಟ ನಿಲ್ಲುವುದೋ ಅದೇ ಗಣಿಗಾರನ ಪ್ರಾಣವನ್ನು ಕಾಯುವ ಅಂಕೆ.

ಇದು ಸೊಗಸಾದ ಪರೀಕ್ಷೆಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಗೋಳವು ಸುರಂಗವಲ್ಲವೆಂಬುದನ್ನು ನಾವು ಮರೆಯಬಾರದು. ಸಣ್ಣ ಪಾತ್ರೆಯಲ್ಲಿ ದೊಡ್ಡ ಕಿಡಿಯನ್ನು ಹಾಕಿದರೆ ಕಿಡಿಯ ಜ್ವಾಲೆಯೇ ಪಾತ್ರೆಯನ್ನು ತುಂಬಿಬಿಡುವುದರಿಂದ ಸಿಡಿಯಲಾರದ ಧೂಳೂ ಸಿಡಿದಂತೆ ತೋರಬಹುದು. ಕಿಡಿ ಚಿಕ್ಕದಾದರೆ ಸಿಡಿಯಬಲ್ಲ ಧೂಳೂ ಸುಮ್ಮನಿರಬಹುದು. ಅದಕ್ಕಿಂತ ಮುಖ್ಯವಾಗಿ, ಉದ್ದನೆಯ ಸುರಂಗದಲ್ಲಿ ಜ್ವಾಲೆಯು ಓಡುತ್ತ ಓಡುತ್ತ ವೇಗವನ್ನು ಪಡೆಯುತ್ತದೆ. ಗೋಳದಲ್ಲಿ ಅದಕ್ಕೆ ಓಡಲು ಜಾಗವೇ ಇಲ್ಲ.

ಚಿಕ್ಕ ಪ್ರಯೋಗದ ಮೇಲೆ ದೊಡ್ಡ ನಂಬಿಕೆಯನ್ನಿಟ್ಟರೆ ಏನಾಗುವುದೆಂಬುದಕ್ಕೆ ಚರಿತ್ರೆಯಲ್ಲಿ ನಿದರ್ಶನವಿದೆ. 1844ರಲ್ಲಿ ಇಂಗ್ಲೆಂಡಿನ ಹ್ಯಾಸ್‌ವೆಲ್ ಗಣಿಯಲ್ಲಿ 95 ಮಂದಿ ಸತ್ತಾಗ ವಿಚಾರಣೆಗೆಂದು ಹೋದ ಮೈಕೇಲ್ ಫ್ಯಾರಡೆ ಮತ್ತು ಚಾರ್ಲ್ಸ್ ಲಯಲ್ ಇವರು, ಅನಿಲದ ಬೆಂಕಿಯನ್ನು ಕಲ್ಲಿದ್ದಲಿನ ಧೂಳು ಬೆಳೆಸಿತೆಂದು ಆಗಲೇ ಸೂಚಿಸಿದ್ದರು. ಆದರೆ 1882ರಲ್ಲಿ ಫ್ರಾನ್ಸಿನ ಮಲ್ಲಾರ್ ಮತ್ತು ಲ ಶಾತ್ಲಿಯೇ ಎಂಬ ವಿಜ್ಞಾನಿಗಳು ಸಣ್ಣ ಪ್ರಮಾಣದ ಪ್ರಯೋಗಗಳನ್ನು ಮಾಡಿ, ಅನಿಲವಿಲ್ಲದ ಕಡೆ ಧೂಳೊಂದರಿಂದಲೇ ಗಂಭೀರವಾದ ಅಪಾಯವಿಲ್ಲವೆಂಬ ತೀರ್ಮಾನಕ್ಕೆ ಬಂದರು. ಈ ಎರಡನೆಯ ಹೆಸರನ್ನು ನಮ್ಮ ಕಾಲೇಜು ವಿದ್ಯಾರ್ಥಿಗಳು ಬಲ್ಲರು. ರಾಸಾಯನಿಕ ಸಮತೋಲನದ ಪ್ರಸಿದ್ಧ ನಿಯಮವನ್ನು ಕಂಡವರು ಇವರೇ. ಇಂಥ ದೊಡ್ಡವರ ಮಾತಿಗೆ ಬೆಲೆ ಬಂದುದು ಸಹಜ. 1906ನೆಯ ಮಾರ್ಚ್ 10ರಂದು, ದಹ್ಯಾನಿಲದ ಕಾಟ ಕಡಮೆಯೆಂದು ಹೆಸರಾಗಿದ್ದ ಉತ್ತರ ಫ್ರಾನ್ಸಿನ ಕೂರಿಯೇರ್ ಗಣಿಗಳಲ್ಲಿ ಧೂಳು ಸಿಡಿಯಿತು. 1,099 ಜನ ಸತ್ತರು. ಯೂರೋಪು ಖಂಡದಲ್ಲಿಯೇ ಅಂಥ ಗಣಿ ದುರಂತ ಮತ್ತೊಂದಿಲ್ಲ.

ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ, ದೊಡ್ಡ ಪ್ರಮಾಣದ ಪರೀಕ್ಷೆಗಳು ಮುಖ್ಯವಾಗಿ ಆ ಮೇಲೆ ಬೆಳೆದುವು. ಫ್ರಾನ್ಸಿನ ಲಿಯೆವೆಂ ಎಂಬಲ್ಲಿ ಪ್ರಯೋಗದ ಸುರಂಗವನ್ನು ಕಟ್ಟಿ ತಾಫನೆಲ್ ಎಂಬವರು ಧೂಳನ್ನು ಬೇಕೆಂದೇ ಸಿಡಿಸಿ ನೋಡಿದರು. ಇಂಗ್ಲೆಂಡಿನ ಆಲ್ಟಾಫ್ಟ್ಸ್‌ನಲ್ಲಿ 1908ರಲ್ಲಿ ವಿಲಿಯಂ ಗಾರ್ಫೋರ್ತ್ ಅಂಥದೇ ಪ್ರಯೋಗಗಳನ್ನು ನಡೆಸಿ, ಕಲ್ಲಿನ ಪುಡಿಯನ್ನು ಎರಚಿದರೆ ಜ್ವಾಲೆ ನಿಲ್ಲುವುದೆಂದು ತೋರಿಸಿದರು. ಅಮೆರಿಕದಲ್ಲಿ ಪಿಟ್ಸ್‌ಬರ್ಗಿನ ಹತ್ತಿರ ಬ್ರೂಸ್ಟನ್ನಿನಲ್ಲಿ 1910ರಲ್ಲಿ ಪ್ರಯೋಗಕ್ಕಾಗಿಯೇ ಒಂದು ಗಣಿಯನ್ನು ತೋಡಿದರು. ಆಳಿಲ್ಲದ ಸುರಂಗದಲ್ಲಿ ಸಾವಿರ ಸಲ ಸ್ಫೋಟವಾದರೂ ನಷ್ಟವಿಲ್ಲ. ಆಳಿರುವ ಸುರಂಗದಲ್ಲಿ ಒಂದು ಸಲವೂ ಆಗಬಾರದು.

ಕಲ್ಲಿನ ಪುಡಿಯ ಉಪಾಯ ಸರಳವಾದುದು. ಸುಣ್ಣಕಲ್ಲಿನ ನುಣುಪಾದ ಪುಡಿಯನ್ನು ಗಣಿಯ ಗೋಡೆ ನೆಲಗಳ ಮೇಲೆ ಎರಚಿರುತ್ತಾರೆ. ಗಾಳಿಯ ಹೊಡೆತಕ್ಕೆ ಕಲ್ಲಿದ್ದಲಿನ ಧೂಳಿನೊಡನೆ ಅದೂ ಏಳುತ್ತದೆ. ಜ್ವಾಲೆಯ ಉಷ್ಣವನ್ನು ತಾನು ಹೀರಿ, ಉರಿಯುವ ಕಣದಿಂದ ಮುಂದಿನ ಕಣಕ್ಕೆ ಬೆಂಕಿ ದಾಟದಂತೆ ಮಾಡುತ್ತದೆ. ಕಲಬುರಗಿ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳ ಕಾರಣದಿಂದ ನಮಗೆ ಪರಿಚಿತವಾಗಿರುವ ಸುಣ್ಣಕಲ್ಲಿನ ಜಾತಿಯದೇ ಇದು. ಯಾವ ಕಲ್ಲಾದರೂ ಆಗದೆ ಎಂದು ಕೇಳುವವರಿಗೆ ಕೋಲಾರವೇ ಉತ್ತರ ಹೇಳುವುದು. ಅಲ್ಲಿನ ಗಣಿಗಳಲ್ಲಿ ಬಂಡೆಯ ಧೂಳು ಸಿಡಿಯಲಿಲ್ಲ. ಅದರಲ್ಲಿದ್ದ ಸಿಲಿಕವು ಗಣಿಗಾರರ ಶ್ವಾಸಕೋಶಗಳಲ್ಲಿ ಕುಳಿತು ಅವರನ್ನು ನಿಧಾನವಾಗಿ ಸವೆಸಿತು. ಬೆಂಕಿಯಿಂದ ಉಳಿಸಲೆಂದು ಎರಚಿದ ಪುಡಿ ರೋಗದಿಂದ ಕೊಲ್ಲಬಾರದು. ಆದುದರಿಂದಲೇ ಸಿಲಿಕ ಬಹಳ ಕಡಮೆಯಿರುವ ಸುಣ್ಣಕಲ್ಲನ್ನು ಆರಿಸುವುದು. ನಮ್ಮ ದೇಶದ ನಿಯಮಗಳು ಸಹ ಬಾಷ್ಪಶೀಲ ಪದಾರ್ಥ ಹೆಚ್ಚಾಗಿರುವ ಕಲ್ಲಿದ್ದಲಿಗೆ ಕಲ್ಲಿನ ಪುಡಿಯೂ ಹೆಚ್ಚಾಗಿರಬೇಕೆಂದು ವಿಧಿಸಿವೆ.

ಹಾಗಾದರೆ ಒಮ್ಮೆ ಪರೀಕ್ಷೆ ಮಾಡಿ, ಅಂಕೆಯನ್ನು ನಿಯಮದ ಪುಸ್ತಕದಲ್ಲಿ ಬರೆದ ಮೇಲೆ ಕೆಲಸ ಮುಗಿಯಿತೆ? ಮುಗಿಯಲಿಲ್ಲವೆಂಬುದೇ ನಮ್ಮ ಅಭಿಪ್ರಾಯ. ಅಮೆರಿಕದಲ್ಲಿ ಗಾಳಿ ಒಳಬರುವ ಸುರಂಗಗಳ ಧೂಳಿನಲ್ಲಿ ಉರಿಯದ ಅಂಶವು ನೂರಕ್ಕೆ 65 ಇದ್ದರೆ ಸಾಕೆಂಬ ನಿಯಮ ಬಹುಕಾಲ ನಡೆದು ಬಂದಿತ್ತು. ಅದಕ್ಕೆ ಆಧಾರ 1920ರ ದಶಕದ ಗಣಿಗಳಲ್ಲಿ ದೊರೆತ ಧೂಳು. ಅನಂತರ ಗಣಿಗಳಿಗೆ ದೊಡ್ಡ ಕತ್ತರಿಸುವ ಯಂತ್ರಗಳು ಬಂದುವು; ಅವು ಕಲ್ಲಿದ್ದಲನ್ನು ಹೆಚ್ಚು ನುಣುಪಾಗಿ ಪುಡಿಮಾಡಿದುವು. ಧೂಳು ಬದಲಾಯಿತು, ಅಂಕೆ ಮಾತ್ರ ಬದಲಾಗಲಿಲ್ಲ. ಹೊಸ ಧೂಳನ್ನು ಅಳೆದು, ದೊಡ್ಡ ಸುರಂಗಗಳಲ್ಲಿ ಸಿಡಿಸಿ ನೋಡಿದ ಸಂಶೋಧಕರು 80 ಬೇಕೆಂದು ಕಂಡುಕೊಂಡರು. ಆ ಅಂಕೆ ನಿಯಮವಾಗುವ ಮೊದಲೇ, 2010ನೆಯ ಏಪ್ರಿಲ್ 5ರಂದು, ಪಶ್ಚಿಮ ವರ್ಜೀನಿಯದ ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ ಅನಿಲದ ಸಣ್ಣ ಬೆಂಕಿಯೊಂದು ಧೂಳಿನ ಮಹಾಸ್ಫೋಟವಾಗಿ 29 ಜನರನ್ನು ಕೊಂದಿತು. ಅಲ್ಲಿ ಹಳೆಯ ನಿಯಮವನ್ನೇ ಸರಿಯಾಗಿ ಪಾಲಿಸಿರಲಿಲ್ಲವೆಂಬುದೂ ವಿಚಾರಣೆಯಲ್ಲಿ ಹೊರಬಿದ್ದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ 80ರ ನಿಯಮವು ಜಾರಿಗೆ ಬಂದಿತು.

ಇಲ್ಲಿ ಇನ್ನೊಂದು ಸಂಗತಿ ಇದೆ. ಗಣಿಯಿಂದ ತಂದ ಧೂಳನ್ನು ಪ್ರಯೋಗಶಾಲೆಗೆ ಕಳುಹಿಸಿ, ಸುಟ್ಟು, ಉಳಿದ ಬೂದಿಯನ್ನು ತೂಗಿ ಫಲವನ್ನು ತಿಳಿಯುವುದಕ್ಕೆ ವಾರಗಳು ಹಿಡಿಯುತ್ತಿದ್ದುವು. ಅಷ್ಟರಲ್ಲಿ ಗಣಿಯಲ್ಲಿ ಎಷ್ಟೋ ಪಾಳಿಗಳು ಇಳಿದು ಹತ್ತಿರುತ್ತವೆ. ಹಳೆಯ ಧೂಳಿನ ಮೇಲೆ ಹೊಸ ಧೂಳು ಕುಳಿತಿರುತ್ತದೆ. ಮೂರು ವಾರದ ಹಿಂದಿನ ಧೂಳಿನ ಬಗ್ಗೆ ಸತ್ಯವಾದ ಉತ್ತರ ಬಂದರೂ ಇಂದಿನ ಕೆಲಸಗಾರನಿಗೆ ಅದರಿಂದ ಏನು ಪ್ರಯೋಜನ? ಈ ಕೊರತೆಯನ್ನು ನೀಗಲೆಂದೇ ಅಲ್ಲಿನ ಸಂಶೋಧಕರು ಕೈಯಲ್ಲಿ ಹಿಡಿಯುವಂಥ ಒಂದು ಮಾಪಕವನ್ನು ರಚಿಸಿದ್ದಾರೆ. ಕಲ್ಲಿದ್ದಲು ಕಪ್ಪು, ಸುಣ್ಣಕಲ್ಲು ಬಿಳುಪು. ಬೆರೆತ ಧೂಳಿನಿಂದ ಬೆಳಕು ಎಷ್ಟು ಹಿಂದಿರುಗುವುದೆಂದು ಅಳೆದು ಅದು ಗಣಿಯೊಳಗೇ ಕೆಲವು ನಿಮಿಷಗಳಲ್ಲಿ ಉತ್ತರ ಹೇಳುವುದು. ತತ್ತ್ವ ಎಷ್ಟು ಸುಲಭವೆಂದರೆ ಅದನ್ನು ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿಯೇ ವಿದ್ಯಾರ್ಥಿಗಳಿಗೆ ವಿವರಿಸಿ ತೋರಿಸಬಹುದು.

ಈ ಮೂರು ಪಾಠಗಳಿಂದ ನಾವು ಹೇಳಬಯಸುವುದಿಷ್ಟು: ಪರೀಕ್ಷೆಯು ನಿಜವಾದ ಗಣಿಯಷ್ಟು ದೊಡ್ಡದಾಗಿರಬೇಕು, ಗಣಿ ಬದಲಾದಂತೆಲ್ಲ ಮತ್ತೆ ನಡೆಯಬೇಕು, ಅದರ ಉತ್ತರವು ಗಣಿಗಾರನು ಇಳಿಯುವ ಮೊದಲೇ ಅವನ ಕೈಸೇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪರೀಕ್ಷೆಯು ಕಡತಕ್ಕೆ ಅಲಂಕಾರವಾಗುವುದೇ ಹೊರತು ಪ್ರಾಣಕ್ಕೆ ರಕ್ಷೆಯಾಗದು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ನೆಲೆಯಿಲ್ಲದೆ ಇಲ್ಲ. ಧನ್‌ಬಾದಿನಲ್ಲಿ 1956ರಲ್ಲಿ ಕೇಂದ್ರ ಗಣಿ ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. ಅದು 2007ರಲ್ಲಿ ಇಂಧನ ಸಂಶೋಧನಾ ಸಂಸ್ಥೆಯೊಡನೆ ಒಂದಾಗಿ ಈಗಿನ ಕೇಂದ್ರ ಗಣಿ ಮತ್ತು ಇಂಧನ ಸಂಶೋಧನಾ ಸಂಸ್ಥೆಯಾಗಿದೆ. ಆದರೂ 1965ನೆಯ ಮೇ 28ರಂದು ಈಗ ಜಾರ್ಖಂಡಿಗೆ ಸೇರಿರುವ ಧೋರಿ ಗಣಿಯಲ್ಲಿ ಆದ ಸ್ಫೋಟವು 268 ಜನರನ್ನು ಬಲಿ ತೆಗೆದುಕೊಂಡಿತು. ಸಂಸ್ಥೆ ಇರುವುದು ಒಂದು, ಅದರ ಅರಿವು ಪ್ರತಿಯೊಂದು ಸುರಂಗದ ಕೊನೆಗೂ ತಲಪುವುದು ಇನ್ನೊಂದು.

ಇದಕ್ಕೆ ಎರಡು ಆಕ್ಷೇಪಗಳುಂಟು. ಭಾರತದ ಕಲ್ಲಿದ್ದಲಿನ ಬಹುಪಾಲು ಈಗ ತೆರೆದ ಗಣಿಗಳಿಂದಲೇ ಬರುತ್ತಿದೆ. ಬಿಸಿಲು ಮತ್ತು ಗಾಳಿಯ ಶಕ್ತಿಯೂ ಹೆಚ್ಚುತ್ತಿದೆ. ಹೀಗಿರುವಾಗ ಭೂಗರ್ಭದ ಗಣಿಗಳ ಧೂಳಿಗಾಗಿ ಹಣ ಸುರಿಯುವುದೇಕೆ ಎಂಬುದು ಮೊದಲನೆಯದು. ಮಾತು ಒಪ್ಪತಕ್ಕದ್ದೇ ಸರಿ, ಆದರೆ ಇಂದಿಗೂ ಸಿಂಗರೇಣಿ, ಝರಿಯಾ, ರಾಣಿಗಂಜ್‌ಗಳಲ್ಲಿ ನೆಲದಡಿಗೆ ಇಳಿಯುವವರಿದ್ದಾರೆ. ಅವರ ಸಂಖ್ಯೆ ಕಡಮೆಯಾಯಿತೆಂದು ಪ್ರತಿಯೊಬ್ಬನ ಪ್ರಾಣದ ಬೆಲೆ ಕಡಮೆಯಾಗುವುದಿಲ್ಲ. ಒಂದು ಕಸುಬು ಕೊನೆಗಾಣುತ್ತಿರುವ ಕಾಲದಲ್ಲಿಯೇ ಅದರ ಮೇಲಿನ ಎಚ್ಚರ ಸಡಿಲವಾಗುವ ಭಯ ಹೆಚ್ಚು. ಎರಡನೆಯ ಆಕ್ಷೇಪ, ಬೆಂಗಳೂರಿಗೂ ಇದಕ್ಕೂ ಏನು ಸಂಬಂಧವೆಂಬುದು. ದೀಪದ ಋಣವನ್ನು ಆಗಲೇ ಹೇಳಿದ್ದೇವೆ. ಅದಕ್ಕಿಂತ ಹತ್ತಿರದ ಸಂಬಂಧವೂ ಉಂಟು.

ಕೋಲಾರದ ಗಣಿಗಳು ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಹೋದುವು. ಅಷ್ಟು ಆಳದಲ್ಲಿ ಭಾರಕ್ಕೆ ನಲುಗಿದ ಬಂಡೆ ಇದ್ದಕ್ಕಿದ್ದಂತೆ ಸಿಡಿದು ಗಣಿಗಾರರನ್ನು ಕೊಲ್ಲುತ್ತಿತ್ತು. ಬಂಡೆಗಳ ಬಲವನ್ನು ಅಭ್ಯಾಸಮಾಡುವ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆಯು 1988ರಲ್ಲಿ ಹುಟ್ಟಿದ್ದು ಅದೇ ಊರಿನಲ್ಲಿ. 2001ರಲ್ಲಿ ಗಣಿಗಳು ಮುಚ್ಚಿದುವು. ಅಲ್ಲಿ ಬೆಳೆದ ವಿದ್ಯೆ ಮುಚ್ಚಿಹೋಗಲಿಲ್ಲ. ಆ ಸಂಸ್ಥೆಗೆ ಈಗ ಬನಶಂಕರಿಯಲ್ಲಿ ನೆಲೆಯುಂಟು. ಅದರ ವಿಷಯ ಶಿಲೆಯೇ ಹೊರತು ಕಲ್ಲಿದ್ದಲಿನ ಧೂಳಲ್ಲ. ಆದರೆ ಪ್ರತಿದಿನವೂ ಆ ವರ್ತುಲ ರಸ್ತೆಯಲ್ಲಿ ಬಸ್ಸಿನಲ್ಲಿ ಸಾಗುವ ಸಾವಿರಾರು ವಿದ್ಯಾರ್ಥಿಗಳಲ್ಲಿ ಗಣಿಯ ಕ್ಷೇಮವೂ ಒಂದು ವಿಜ್ಞಾನ, ಅದೂ ಜೀವನವನ್ನು ಮೀಸಲಿಡತಕ್ಕ ವಿಜ್ಞಾನ ಎಂದು ಬಲ್ಲವರು ಎಷ್ಟು ಮಂದಿ? ಬೆಂಗಳೂರಿನಲ್ಲಿ ಭೌತಶಾಸ್ತ್ರವನ್ನೂ ರಸಾಯನಶಾಸ್ತ್ರವನ್ನೂ ಕಲಿತ ಬುದ್ಧಿವಂತರಿಗೆ ಕೊರತೆಯಿಲ್ಲ. ಅವರ ಲಕ್ಷ್ಯವು ನೆಲದ ಕೆಳಗಡೆಗೆ ಹರಿಯುವುದೇ ಅಪರೂಪ.

ಧೂಳಿನ ಅಪಾಯ ಗಣಿಗೆ ಮಾತ್ರ ಸೀಮಿತವೂ ಅಲ್ಲ. 2008ನೆಯ ಫೆಬ್ರುವರಿ 7ರಂದು ಅಮೆರಿಕದ ಜಾರ್ಜಿಯ ಪ್ರಾಂತದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಸಕ್ಕರೆಯ ಧೂಳೇ ಸಿಡಿದು 14 ಮಂದಿ ಸತ್ತರು. ಸಕ್ಕರೆ, ಗೋದಿಹಿಟ್ಟು, ಮರದ ಪುಡಿ, ಅಲ್ಯೂಮಿನಿಯಮಿನ ಪುಡಿ, ಔಷಧದ ಪುಡಿ ಇವೆಲ್ಲವೂ ಕಲ್ಲಿದ್ದಲಿನ ಪುಡಿಯಂತೆಯೇ ನಡೆದುಕೊಳ್ಳಬಲ್ಲುವು. ಮಂಡ್ಯ ಬೆಳಗಾವಿಗಳ ಸಕ್ಕರೆ ಕಾರ್ಖಾನೆಗಳೂ ಬೆಂಗಳೂರಿನ ಸುತ್ತಣ ಕೈಗಾರಿಕಾ ಪ್ರದೇಶಗಳೂ ಇರುವ ನಾಡಿನಲ್ಲಿ 20 ಲೀಟರಿನ ಆ ಗೋಳದ ವಿದ್ಯೆ ಪರರ ವಿದ್ಯೆಯೆಂದು ಹೇಗೆ ಹೇಳೋಣ?

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಗಣಿಗಳ ಧೂಳಿನ ಪರೀಕ್ಷೆಯ ಫಲಗಳನ್ನು ಗಣಿಯ ಬಾಗಿಲಿನಲ್ಲಿ, ಅಲ್ಲಿನ ಕೆಲಸಗಾರರ ಭಾಷೆಯಲ್ಲಿ, ತಾರೀಖು ಸಹಿತವಾಗಿ ಬರೆದು ಹಾಕಬೇಕು. ಹೊಸ ಯಂತ್ರವೊಂದು ಗಣಿಗೆ ಇಳಿದಾಗ ಅದರ ಧೂಳನ್ನೂ ಹೊಸದಾಗಿ ಪರೀಕ್ಷಿಸದೆ ಹಳೆಯ ಅಂಕೆಯನ್ನು ನಂಬಬಾರದು. ಗಣಿಯೊಳಗೇ ಉತ್ತರ ಹೇಳುವ ಮಾಪಕಗಳನ್ನು ನಮ್ಮ ಕಲ್ಲಿದ್ದಲಿನ ಬಗೆಗಳಿಗೆ ಹೊಂದುವಂತೆ ನಮ್ಮವರೇ ರಚಿಸಬೇಕು. ಉಪಕರಣಗಳನ್ನು ರಚಿಸುವುದರಲ್ಲಿ ಹೆಸರಾದ ಬೆಂಗಳೂರಿಗೆ ಇದು ತಕ್ಕ ಕೆಲಸ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಧೂಳಿನ ಸ್ಫೋಟದ ಶಾಸ್ತ್ರಕ್ಕೆ ಪಾಠಪಟ್ಟಿಯಲ್ಲಿ ಒಂದು ಸ್ಥಾನ ದೊರೆಯಬೇಕು.

ವಿಜ್ಞಾನವೆಂದರೆ ಹೊಸದನ್ನು ಕಂಡುಹಿಡಿಯುವುದು ಮಾತ್ರವೆಂದು ತಿಳಿದವರಿಗೆ, ಬಿಳಿಯ ಪುಡಿಯನ್ನು ಕರಿಯ ಪುಡಿಯೊಡನೆ ಬೆರೆಸಿ ಸಿಡಿಯುವುದೋ ಇಲ್ಲವೋ ಎಂದು ಸಾವಿರ ಸಲ ನೋಡುವ ಕೆಲಸ ನೀರಸವೆಂದು ತೋರಬಹುದು. ಆದರೆ ಆ ಕೆಲಸದಲ್ಲಿ ಯಶಸ್ಸೆಂದರೆ ಏನೂ ಸಂಭವಿಸದಿರುವುದು. ಪತ್ರಿಕೆಗಳಲ್ಲಿ ಅದು ಸುದ್ದಿಯಾಗುವುದಿಲ್ಲ. ಯಾರೂ ಹಾರ ಹಾಕುವುದಿಲ್ಲ. ಪಾಳಿ ಮುಗಿದಾಗ ಇಳಿದವರೆಲ್ಲರೂ ಮೇಲೆ ಬರುತ್ತಾರೆ, ಅಷ್ಟೆ. ಅಂಥ ಕೆಲಸಕ್ಕೆ ತಮ್ಮ ಬುದ್ಧಿಯನ್ನು ಕೊಡಬಲ್ಲ ಕೆಲವರಾದರೂ ನಮ್ಮ ವಾಚಕರಲ್ಲಿ ಇದ್ದೇ ಇರುವರೆಂದು ನಾವು ನಂಬಿದ್ದೇವೆ.